ಗಡಿಯಾರಕ್ಕೆ ಸಾಕ್ಷಿ ಯಾರು?

ಗಡಿಯಾರ ನೋಡಿ ಹೊತ್ತು ಹೇಳುವವರು ಎಲ್ಲೆಲ್ಲಿಯೂ ಉಂಟು. ಆದರೆ ಆ ಗಡಿಯಾರವೇ ಸರಿಯಾಗಿದೆಯೆಂದು ಹೇಳುವವರು ಯಾರು? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ನಾನು ಮೇಷ್ಟರಾದ ಹೊಸದರಲ್ಲಿ ಒಂದು ಪರೀಕ್ಷೆಯ ಕೊಠಡಿಗೆ ಮೇಲ್ವಿಚಾರಕನಾಗಿದ್ದೆ. ಗೋಡೆಯ ಗಡಿಯಾರವನ್ನು ನೋಡಿ ಜವಾನ ಕೊನೆಯ ಗಂಟೆ ಬಾರಿಸಿದ. "ಸಾರ್, ಇನ್ನೂ ನಾಲ್ಕು ನಿಮಿಷ ಇದೆ" ಎಂದು ಹುಡುಗನೊಬ್ಬ ತನ್ನ ಕೈಗಡಿಯಾರವನ್ನು ತೋರಿಸಿದ. ನಾನು ಗೋಡೆಯನ್ನು ನಂಬಿ, ಅವನ ಕೈಯಿಂದ ಉತ್ತರಪತ್ರಿಕೆಯನ್ನು ತೆಗೆದುಕೊಂಡೆ. ಆ ಮೇಲೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಬೀಪ್ ಸದ್ದಿನೊಡನೆ ಹೋಲಿಸಿ ನೋಡಿದರೆ, ಗೋಡೆಯ ಗಡಿಯಾರವೇ ನಾಲ್ಕು ನಿಮಿಷ ಮುಂದಿತ್ತು. ಹುಡುಗ ಅಷ್ಟರಲ್ಲಿ ಊರು ಸೇರಿದ್ದ.

ಗಡಿಯಾರವು ತನಗೆ ತಾನೇ ಸಾಕ್ಷಿಯಾಗಲಾರದೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. 'ಗಳಿಗೆ' ಎಂಬುದು 'ಘಟಿಕಾ' ಶಬ್ದದ ತದ್ಭವ. ಘಟಿಕೆಯೆಂದರೆ ಚಿಕ್ಕ ಪಾತ್ರೆ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ. ಈಗಿನ ಲೆಕ್ಕದಲ್ಲಿ 24 ನಿಮಿಷ. ಆದರೆ ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಬಟ್ಟಲು ಬೇಗ ಮುಳುಗುತ್ತದಲ್ಲವೆ? ಅದಕ್ಕೆ ಸೂರ್ಯಸಿದ್ಧಾಂತವು ಒಂದು ಒರೆಗಲ್ಲನ್ನು ಹೇಳಿದೆ: ಒಂದು ಹಗಲಿರುಳಿನಲ್ಲಿ ಸರಿಯಾಗಿ 60 ಸಲ ಮುಳುಗುವ ಬಟ್ಟಲೇ ಶುದ್ಧವಾದ ಯಂತ್ರ. ಬಟ್ಟಲಿಗೆ ಸಾಕ್ಷಿ ಆಕಾಶ.

ಯುರೋಪಿನಲ್ಲಿ ಯಂತ್ರದ ಗಡಿಯಾರಗಳು ಬಂದ ಮೇಲೂ ಸಾಕ್ಷಿಯ ಅಗತ್ಯ ತಪ್ಪಲಿಲ್ಲ. 1656ರಲ್ಲಿ ಹಾಲೆಂಡಿನ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸುವ ಮುನ್ನ ಅವು ದಿನಕ್ಕೆ ಕಾಲು ಗಂಟೆಯಷ್ಟು ತಪ್ಪುವುದು ಸಾಮಾನ್ಯವಾಗಿತ್ತು. ಆದರೆ ಅಲುಗಾಡುವ ಹಡಗಿನಲ್ಲಿ ಲೋಲಕ ನಡೆಯದು. ಭೂಮಿ ಒಂದು ಡಿಗ್ರಿ ತಿರುಗಲು ಹಿಡಿಯುವ ಹೊತ್ತು ನಾಲ್ಕೇ ನಿಮಿಷ. ಹಡಗಿನ ಗಡಿಯಾರ ಅಷ್ಟು ತಪ್ಪಿದರೆ, ಸಮಭಾಜಕ ವೃತ್ತದ ಬಳಿ ಸುಮಾರು 111 ಕಿಲೋಮೀಟರು ದಾರಿ ತಪ್ಪಿದಂತೆಯೇ. ಆದುದರಿಂದಲೇ ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ರೇಖಾಂಶವನ್ನು ಕಂಡುಹಿಡಿಯುವ ಉಪಾಯಕ್ಕೆ 20,000 ಪೌಂಡುಗಳವರೆಗೆ ಬಹುಮಾನವನ್ನು ಸಾರಿತು. ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ರಚಿಸಿದ ಗಡಿಯಾರವು 1761ರಲ್ಲಿ ಜಮೈಕಾ ದ್ವೀಪಕ್ಕೆ ಹೊರಟಿತು. ಅದೂ ದಿನಕ್ಕೆ ಎರಡು ಮೂರು ಸೆಕೆಂಡು ಹಿಂದೆ ಬೀಳುತ್ತಿತ್ತು. ಆ ಲೆಕ್ಕವನ್ನು ಸೇರಿಸಿ ನೋಡಿದಾಗ, 81 ದಿನಗಳ ಮೇಲೆ ಉಳಿದ ತಪ್ಪು ಸುಮಾರು 5 ಸೆಕೆಂಡು ಮಾತ್ರ! ತಪ್ಪೇ ಇಲ್ಲದ ಗಡಿಯಾರ ಲೋಕದಲ್ಲಿಲ್ಲ. ದಿನವೂ ಒಂದೇ ಸಮನಾಗಿ ತಪ್ಪುವ ಗಡಿಯಾರವೇ ಉತ್ತಮ. ತಪ್ಪಿನ ಅಳತೆ ತಿಳಿದರೆ ಸಾಕು, ಕಾಲ ತಿಳಿದಂತೆ.

ಇದನ್ನೇ ಜೀವನೋಪಾಯ ಮಾಡಿಕೊಂಡ ಒಂದು ಕುಟುಂಬವೂ ಲಂಡನ್ನಿನಲ್ಲಿತ್ತು. 1836ರಲ್ಲಿ ಜಾನ್ ಹೆನ್ರಿ ಬೆಲ್‌ವಿಲ್ ಎಂಬಾತನು ಗ್ರೀನಿಚ್ ವೀಕ್ಷಣಾಲಯದ ಗಡಿಯಾರದೊಡನೆ ತನ್ನ ಗಡಿಯಾರವನ್ನು ಹೋಲಿಸಿ, ಊರಿನ ಗಡಿಯಾರದ ಅಂಗಡಿಗಳಿಗೆ ಕಾಲವನ್ನು ಕೊಂಡೊಯ್ಯತೊಡಗಿದ. ಅವನ ತರುವಾಯ ಹೆಂಡತಿ, ಆಕೆಯ ತರುವಾಯ ಮಗಳು ರೂತ್. ಗಡಿಯಾರ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಬರೆದ ಚೀಟಿಯನ್ನು ಪಡೆದು, ಈಕೆ ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದಳು. 1924ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಆರು ಬೀಪುಗಳನ್ನು ಬಿತ್ತರಿಸತೊಡಗಿದ ಮೇಲೂ ಆಕೆಯ ಕಾಯಕ ನಿಲ್ಲಲಿಲ್ಲ, 1940ರವರೆಗೂ ನಡೆಯಿತು.

ನಮ್ಮ ದೇಶಕ್ಕೆ 1906ರಲ್ಲಿ 82½ ಡಿಗ್ರಿ ಪೂರ್ವ ರೇಖಾಂಶದ ಕಾಲವು ಪ್ರಮಾಣವಾಯಿತು. ಈಗ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ಅದನ್ನು ಕಾಯುತ್ತಿದೆ. ಗ್ರೀನಿಚ್ಚಿಗೆ ಹೋಗಿ ಚೀಟಿ ತರುವ ಕೆಲಸವನ್ನು ಇಂದು ಜೇಬಿನಲ್ಲಿರುವ ಸ್ಮಾರ್ಟ್‌ಫೋನೇ ಮಾಡುತ್ತದೆ. ಇದಕ್ಕಾಗಿ ಇರುವ ಆ್ಯಪುಗಳ ದಾರಿ ಎರಡು. ಮೊದಲನೆಯದು ಹೋಲಿಕೆ: ಅಂತರಜಾಲದ ಮೂಲಕ ದೊರೆತ ಸರಿಯಾದ ಕಾಲದೊಡನೆ ಕೈಗಡಿಯಾರವನ್ನು ಇಂದು ಹೋಲಿಸಿ, ನಾಳೆ ಅದೇ ಹೊತ್ತಿಗೆ ಮತ್ತೆ ಹೋಲಿಸಿದರೆ, ನಡುವಣ ವ್ಯತ್ಯಾಸವೇ ಒಂದು ದಿನದ ತಪ್ಪು. ಎರಡನೆಯದು ಕೇಳಿಕೆ: ಹಳೆಯ ಕೀಲಿ ಗಡಿಯಾರಗಳಲ್ಲಿ ಹಲವು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ ಟಿಕ್ಕೆನ್ನುತ್ತವೆ. ಫೋನಿನ ಮೈಕಿನ ಬಳಿ ಇಟ್ಟರೆ ಆ್ಯಪು ಆ ಸದ್ದನ್ನು ಎಣಿಸಿ, ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚುಕಡಿಮೆಯೆಂದು ನಿಮಿಷದೊಳಗೆ ಹೇಳುತ್ತದೆ.

ಆದರೆ ಇಲ್ಲಿಯೂ ಎಚ್ಚರ ಬೇಕು. ಗಡಿಯಾರವನ್ನು ಮಲಗಿಸಿದಾಗ ಒಂದು ನಡೆ, ನಿಲ್ಲಿಸಿದಾಗ ಇನ್ನೊಂದು ನಡೆ. ಕೀಲಿ ತುಂಬಿದಾಗ ಒಂದು, ಸಡಿಲಿದಾಗ ಮತ್ತೊಂದು. ಟಿಕ್ಕುಗಳನ್ನು ಅಳೆಯುವ ಫೋನಿನೊಳಗೂ ಒಂದು ಸ್ಫಟಿಕದ ಗಡಿಯಾರವಿದೆ. ಅದು ಹತ್ತು ಲಕ್ಷದಲ್ಲಿ ಹತ್ತು ಪಾಲು ತಪ್ಪಿದರೆ ನಮ್ಮ ಲೆಕ್ಕ ದಿನಕ್ಕೆ 0.86 ಸೆಕೆಂಡು ತಪ್ಪುತ್ತದೆ. ಸಾಕ್ಷಿಗೂ ಸಾಕ್ಷಿ ಬೇಕು!

ನನ್ನ ತಂದೆಯವರ ಹಳೆಯ ಕೈಗಡಿಯಾರವನ್ನು ಹೀಗೆ ಕೇಳಿಸಿ, ಹೋಲಿಸಿ ನೋಡಿದ್ದೇನೆ. ದಿನಕ್ಕೆ 18 ಸೆಕೆಂಡು ಹಿಂದೆ ಬೀಳುತ್ತದೆ. ಅಷ್ಟು ತಿಳಿದಿರುವುದರಿಂದ ಅದನ್ನು ಧೈರ್ಯವಾಗಿ ಕಟ್ಟಿಕೊಳ್ಳುತ್ತೇನೆ. ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಬರುವ ಮುಂಚೆಯೇ ಕೊಠಡಿಯ ಗಡಿಯಾರಗಳನ್ನೆಲ್ಲ ಒಂದೊಂದಾಗಿ ಫೋನಿನೊಡನೆ ಹೋಲಿಸಿ, ಸರಿಪಡಿಸಿ, ಆಮೇಲೆ ಫೋನನ್ನು ಕಚೇರಿಯಲ್ಲಿ ಇಟ್ಟುಬರುತ್ತೇನೆ. ಜೊತೆಯ ಮೇಷ್ಟರುಗಳು ನಗುವುದುಂಟು. ನಗಲಿ. ಒಬ್ಬ ಹುಡುಗನಿಗೆ ನಾನು ಕೊಡಬೇಕಾದ ನಾಲ್ಕು ನಿಮಿಷಗಳು ಇನ್ನೂ ನನ್ನ ಮೇಲೆ ಸಾಲವಾಗಿಯೇ ಇವೆ.