ಟ್ರಂಕಿನೊಳಗಿನ ಕ್ಯಾಸೆಟ್ಟು: ನಮ್ಮ ಬೀದಿಯ ಬರೆಯದ ಚರಿತ್ರೆ



ಸ್ಮರಣ ಸಂಚಿಕೆಯಲ್ಲಿ ಚರಿತ್ರೆ ಅಂದರೆ ನಾಯಕರು, ಚಳವಳಿ, ಕಾಯ್ದೆ ಇವುಗಳ ಮಾತು ಬರೋದು ವಾಡಿಕೆ. ಅದು ಬೇಕೇ ಬೇಕು. ಆದರೆ ಈ ಸಲ ನಿಮ್ಮ ಮನೆಯ ಅಟ್ಟದ ಮೇಲೋ, ತಗಡಿನ ಟ್ರಂಕಿನೊಳಗೋ, ಬೀರುವಿನ ಕೆಳಗಿನ ಅರೆಯಲ್ಲೋ ಬಿದ್ದಿರುವ ಒಂದು ವಸ್ತುವಿನ ಚರಿತ್ರೆ ಹೇಳ್ತೀನಿ. ಕಪ್ಪು ಪ್ಲಾಸ್ಟಿಕ್ಕಿನದು, ಪುಸ್ತಕದಷ್ಟು ದಪ್ಪ, ಮೇಲೆ ಮದುವೆ ಹೆಣ್ಣು ಗಂಡಿನ ಹೆಸರು ಬರೆದ ಚೀಟಿ. ಹೌದು, ವಿಡಿಯೋ ಕ್ಯಾಸೆಟ್ಟು. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಯಾಕೆಂದರೆ ಇದು ಅವರ ವಿಷಯ.

ನಮ್ಮ ಹಿರಿಯರ ಬಗ್ಗೆ ದಫ್ತರಗಳಲ್ಲಿ ಏನು ಸಿಗುತ್ತೆ ಅಂತ ಯೋಚನೆ ಮಾಡಿ. ಕೊಯಮತ್ತೂರು 1866ರಲ್ಲಿ ಪುರಸಭೆ ಆಯ್ತು, 1981ರಲ್ಲಿ ಮಹಾನಗರ ಪಾಲಿಕೆ ಆಯ್ತು. ಊರಿನ ಕಸ ಗುಡಿಸಿದವರು, ಚರಂಡಿ ತೆಗೆದವರು ನಮ್ಮ ಜನ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇದ್ದೀತು, ಬಂದ ದಿನ, ಬಾರದ ದಿನದ ಗುರುತು ಇದ್ದೀತು. 2009ರಲ್ಲಿ ತಮಿಳುನಾಡು ಸರ್ಕಾರ ಅರುಂಧತಿಯರಿಗೆ ಪರಿಶಿಷ್ಟ ಜಾತಿಯ 18 ಶೇಕಡಾದೊಳಗೆ 3 ಶೇಕಡಾ ಒಳಮೀಸಲಾತಿ ಕೊಟ್ಟಿತು. ಇಂಥ ಒಳಮೀಸಲಾತಿ ಸರಿ ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪು ಕೊಟ್ಟಿತು. ಇದು ಸಣ್ಣ ವಿಷಯ ಅಲ್ಲ. ಆದರೂ ದಫ್ತರದಲ್ಲಿ ಇರೋದು ನಮ್ಮ ಲೆಕ್ಕ. ನಮ್ಮ ಅಜ್ಜಿ ಹೇಗೆ ನಗ್ತಿದ್ದಳು, ಮದುವೆ ಮನೆಯಲ್ಲಿ ಯಾವ ಹಾಡು ಹೇಳ್ತಿದ್ದಳು, ಬೀಗರನ್ನು ಹೇಗೆ ಹಾಸ್ಯ ಮಾಡ್ತಿದ್ದಳು ಅನ್ನೋದು ಯಾವ ದಫ್ತರದಲ್ಲೂ ಇಲ್ಲ. ಅದು ಕ್ಯಾಸೆಟ್ಟಿನಲ್ಲಿದೆ.

ಈ ಟೇಪಿನ ಹುಟ್ಟನ್ನು ಸ್ವಲ್ಪ ನೋಡೋಣ. ಚಿತ್ರವನ್ನು ಕಾಂತದ ಟೇಪಿನ ಮೇಲೆ ಹಿಡಿಯುವ, ನಿಜವಾಗಿ ಕೆಲಸಕ್ಕೆ ಬಂದ ಮೊದಲ ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ತೋರಿಸಿತು. ಟೇಪು ಎರಡು ಅಂಗುಲ ಅಗಲ, ಯಂತ್ರ ಬೀರುವಿಗಿಂತ ದೊಡ್ಡದು. ಟಿವಿ ಕಂಪನಿಗಳಿಗೆ ಮಾತ್ರ ಕೊಳ್ಳಲು ಆಗುವಂಥ ಬೆಲೆ. 1956 ಅಂದರೆ ನಮಗೆ ಬೇರೆ ನೆನಪು. ಆ ವರ್ಷ ಡಿಸೆಂಬರ್ 6ರಂದು ಬಾಬಾಸಾಹೇಬರು ದೆಹಲಿಯಲ್ಲಿ ತೀರಿಕೊಂಡರು. ಮರುದಿನ ಮುಂಬಯಿಯ ದಾದರಿನಲ್ಲಿ ಅಂತ್ಯಕ್ರಿಯೆ. ಲಕ್ಷಾಂತರ ಜನ ಸೇರಿದ್ದ ಆ ಮೆರವಣಿಗೆಯನ್ನು ಸಿನಿಮಾ ರೀಲಿನಲ್ಲಿ ಹಿಡಿದವರು ನಾಮದೇವ ವ್ಹಟಕರ್ ಅನ್ನುವ ಮರಾಠಿ ಲೇಖಕರು. ತಮ್ಮದೇ ಹೊಣೆಯಲ್ಲಿ ಹಣ ಹೊಂದಿಸಿ, ಕ್ಯಾಮೆರಾ ತಂದು, ಶೂಟಿಂಗ್ ಮಾಡಿಸಿದರು. ಇಂದು ಆ ದಿನದ ದೃಶ್ಯವನ್ನು ನಾವು ಕಣ್ಣಾರೆ ನೋಡೋದು ಅಂಥ ಒಬ್ಬ ಮನುಷ್ಯ ಸುಮ್ಮನೆ ಕೂರಲಿಲ್ಲ ಅನ್ನುವ ಕಾರಣಕ್ಕೆ. ನಮ್ಮದನ್ನು ನಾವೇ ಹಿಡಿದಿಡಬೇಕು ಅನ್ನೋ ಪಾಠ ಅಲ್ಲಿಂದಲೇ ಶುರು.

ಟೇಪು ಬಡವರ ಬೀದಿಗೆ ಬರಲು ಇನ್ನೂ ಮೂವತ್ತು ವರ್ಷ ಹಿಡೀತು. 1975ರಲ್ಲಿ ಸೋನಿಯವರ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯವರ ವಿಎಚ್‌ಎಸ್ ಜಪಾನಿನಲ್ಲಿ ಹೊರಬಂದವು. ಪೈಪೋಟಿಯಲ್ಲಿ ವಿಎಚ್‌ಎಸ್ ಗೆದ್ದಿತು. ಭಾರತದಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನ ಬಣ್ಣಕ್ಕೆ ತಿರುಗಿತು, ಅದರ ಹಿಂದೆಯೇ ವಿಡಿಯೋ ಬಂತು. ನಮ್ಮ ಕಡೆ ವಿಸಿಆರ್ ಅಂತ ಯಾರೂ ಅನ್ನಲಿಲ್ಲ, ಎಲ್ಲರಿಗೂ ಅದು 'ಡೆಕ್'. ಟಿವಿ, ಡೆಕ್ ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು, ಬೀದಿಯಲ್ಲಿ ಮೇಜು ಹಾಕಿ, ಬೆಳಗಾಗುವ ತನಕ ಮೂರು ಸಿನಿಮಾ ನೋಡಿದ ಕಾಲ ನಡುವಯಸ್ಸಿನವರಿಗೆ ಮರೆತಿರಲಿಕ್ಕಿಲ್ಲ. ಆಮೇಲೆ ಮದುವೆಗೆ, ಮೈನೆರೆದ ಶಾಸ್ತ್ರಕ್ಕೆ ವಿಡಿಯೋದವರು ಬರೋಕೆ ಶುರುವಾದರು. ಒಬ್ಬ ಹೆಗಲ ಮೇಲೆ ಕ್ಯಾಮೆರಾ ಹೊತ್ತರೆ, ಇನ್ನೊಬ್ಬ ಕಣ್ಣು ಕುಕ್ಕುವ ಲೈಟು ಹಿಡೀತಿದ್ದ.

ಆ ಕ್ಯಾಮೆರಾ ಹಿಡಿದದ್ದು ಮದುಮಕ್ಕಳನ್ನಾದರೂ, ಅದರ ಕಣ್ಣಿಗೆ ಬಿದ್ದದ್ದು ಇಡೀ ಬೀದಿ. ಹಿಂದೆ ಕಾಣೋ ಹೆಂಚಿನ ಮನೆ, ಬೀದಿ ಕೊಳಾಯಿ ಹತ್ತಿರ ಸಾಲು ಕೊಡ, ಗೋಡೆಯ ಮೇಲೆ ಬರೆದ ಅಂಬೇಡ್ಕರ್ ಚಿತ್ರ, ಕೆಲಸ ಮುಗಿಸಿ ಬಂದು ಹಾಗೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಮಾವಂದಿರು. ಈಗ ಉಕ್ಕಡಂಗೆ ಬಂದು ನೋಡಿ. ಉಕ್ಕಡಂನಿಂದ ಆತ್ತುಪಾಲಂ ಕಡೆಗೆ ಮೇಲ್ಸೇತುವೆ 2024ರ ಆಗಸ್ಟಿನಲ್ಲಿ ತೆರೆಯಿತು. ಆ ಕೆಲಸಕ್ಕಾಗಿ ಪೌರಕಾರ್ಮಿಕರ ಸಿಎಂಸಿ ಕಾಲೊನಿಯ ಹಳೇ ಮನೆಗಳು ನೆಲಸಮ ಆದವು. ಸೇತುವೆ ಬೇಡ ಅಂತ ಹೇಳ್ತಿಲ್ಲ, ಅದರ ಮೇಲೆ ನಾವೂ ಓಡಾಡ್ತೀವಿ. ಆದರೆ ಹೊಸ ಕಟ್ಟಡದಲ್ಲಿ ಹುಟ್ಟಿದ ಮಗು 'ನಮ್ಮ ಅಜ್ಜನ ಮನೆ ಎಲ್ಲಿತ್ತು?' ಅಂತ ಕೇಳಿದರೆ ಬೆರಳು ಮಾಡಿ ತೋರಿಸೋಕೆ ಒಂದು ಗೋಡೆ ಕೂಡ ಉಳಿದಿಲ್ಲ. ತೋರಿಸಬಹುದಾದದ್ದು ಆ ಟೇಪು ಒಂದೇ.

ಇನ್ನೊಂದು ಇದೆ: ಭಾಷೆ. ಕೊಂಗುನಾಡಿನ ಅರುಂಧತಿಯರಲ್ಲಿ ತೆಲುಗು ಮನೆಮಾತಿನವರೂ ಇದ್ದಾರೆ, ಕನ್ನಡ ಮನೆಮಾತಿನವರೂ ಇದ್ದಾರೆ. ನಮ್ಮ ಮಕ್ಕಳು ಓದೋದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಮನೆಯ ಕನ್ನಡ ಬಾಯಿಂದ ಬಾಯಿಗೆ ಬಂದದ್ದು, ಪುಸ್ತಕಕ್ಕೆ ಏರಿದ್ದು ಕಡಿಮೆ. ಮುತ್ತಜ್ಜಿ ಆಡಿದ ಮಾತಿನ ರೀತಿ, ಗಾದೆ, ಬೈಗುಳ, ಲಾಲಿ ಎಲ್ಲವೂ ಆಕೆಯ ಜೊತೆಗೇ ಹೋಗ್ತವೆ. ಟೇಪಿನಲ್ಲಿ ಹತ್ತು ನಿಮಿಷ ಆಕೆಯ ದನಿ ಇದ್ದರೆ ಅದೇ ನಮಗೆ ನಿಘಂಟು.

ಇಲ್ಲೇ ಒಂದು ಎಚ್ಚರಿಕೆ. ಮದುವೆ ವಿಡಿಯೋಗಳಲ್ಲಿ ಎಷ್ಟೋ ಸಲ ಸ್ಟುಡಿಯೋದಲ್ಲಿ 'ಮಿಕ್ಸಿಂಗ್' ಮಾಡುವಾಗ ಮೂಲ ಶಬ್ದ ತೆಗೆದು ಸಿನಿಮಾ ಹಾಡು ಹಾಕಿರ್ತಾರೆ. ಅಜ್ಜಿಯ ಬಾಯಿ ಆಡ್ತಿರುತ್ತೆ, ಕೇಳೋದು ಸಿನಿಮಾದವರ ದನಿ. ಆದ್ದರಿಂದ ಮಿಕ್ಸಿಂಗ್ ಮಾಡದ ಟೇಪು, ನೆಂಟರ ಮನೆಯವರು ತಾವೇ ತೆಗೆದ ಟೇಪು ಎಲ್ಲಾದರೂ ಇದೆಯಾ ಅಂತ ಮೊದಲು ಹುಡುಕಿ. ಚಿತ್ರ ಮಸುಕಾಗಿದ್ದರೂ ಪರವಾಗಿಲ್ಲ, ದನಿ ಇರೋ ಟೇಪಿಗೆ ಬೆಲೆ ಹೆಚ್ಚು.

ಈಗ ಯಾಕೆ ಅವಸರ ಅಂತ ಕೇಳ್ತೀರಿ. ಟೇಪು ಅಂದರೆ ಅರ್ಧ ಅಂಗುಲ ಅಗಲದ ತೆಳು ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಾಂತದ ಪುಡಿ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಪಟ್ಟಿ ಇರುತ್ತೆ. ಡೆಕ್ಕಿನೊಳಗೆ ಒಂದು ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಆ ಪಟ್ಟಿಯ ಮೇಲೆ ಓರೆ ಗೆರೆಗಳಾಗಿ ಬರೆದ ಚಿತ್ರವನ್ನು ಓದುತ್ತೆ. ಮಾಮೂಲಿ ಡೆಕ್ಕುಗಳು ಶಬ್ದವನ್ನು ಪಟ್ಟಿಯ ಅಂಚಿನಲ್ಲಿ ಬರೀತಿದ್ದವು. ಹಾಗಾಗಿ ಅಂಚು ಸುಕ್ಕಾದರೆ ಮೊದಲು ಕೆಡೋದು ಶಬ್ದ. ತೇವ ತಗುಲಿದರೆ ಅಂಟು ಸಡಿಲಾಗುತ್ತೆ, ಬೂಷ್ಟು ಹಿಡಿಯುತ್ತೆ. ಮಳೆಗಾಲದಲ್ಲಿ ನೀರು ನುಗ್ಗುವ ನಮ್ಮ ಮನೆಗಳಲ್ಲಿ ಇದು ಹೊಸತಲ್ಲ.

ಟೇಪಿಗಿಂತ ಮೊದಲು ಸಾಯ್ತಿರೋದು ಯಂತ್ರ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಅನ್ನಿಸಿಕೊಂಡ ಜಪಾನಿನ ಫುನೈ 2016ರಲ್ಲಿ ತಯಾರಿಕೆ ನಿಲ್ಲಿಸಿತು. ಬಿಡಿಭಾಗ ಇಲ್ಲ, ರಿಪೇರಿ ಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಯ್ತು. ಯುನೆಸ್ಕೊ ಮತ್ತು ದನಿ-ದೃಶ್ಯ ದಾಖಲೆಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಜಗತ್ತಿಗೆಲ್ಲ ಒಂದು ಎಚ್ಚರಿಕೆ ಕೊಟ್ಟವು: 2025ರ ಸುಮಾರಿಗೆ ಇಂಥ ಟೇಪುಗಳನ್ನು ಓಡಿಸೋ ಅನುಕೂಲವೇ ಬಹುಮಟ್ಟಿಗೆ ಮುಗಿದುಹೋಗುತ್ತೆ ಅಂತ. ದೊಡ್ಡ ದೊಡ್ಡ ಸಂಸ್ಥೆಗಳಿಗೇ ಈ ಗತಿ. ಚಂದ್ರನ ಮೇಲೆ ಮನುಷ್ಯ ಇಳಿದ 1969ರ ಮೂಲ ಟೇಪುಗಳನ್ನೇ ನಾಸಾದವರು ಅಳಿಸಿ ಮತ್ತೆ ಬಳಸಿರಬೇಕು ಅಂತ 2009ರಲ್ಲಿ ಒಪ್ಪಿಕೊಂಡರು. ಹೀಗಿರುವಾಗ ನಮ್ಮ ಅಟ್ಟದ ಮೇಲಿನ ಟೇಪನ್ನು ಕಾಯುವವರು ಯಾರು? ನೀವೇ.

ಇನ್ನು ಡಿಸ್ಕಿಗೆ ಹಾಕೋ ಕೆಲಸ. ಕಷ್ಟದ್ದಲ್ಲ, ತಾಳ್ಮೆಯದ್ದು. ಕ್ಯಾಸೆಟ್ಟಿನ ಮುಚ್ಚಳ ಎತ್ತಿ ನೋಡಿ. ಪಟ್ಟಿಯ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಡೆಕ್ಕಿಗೆ ಹಾಕಲೇಬೇಡಿ. ಆ ಟೇಪೂ ಹಾಳು, ಮುಂದೆ ಹಾಕುವ ಟೇಪುಗಳಿಗೂ ಅಂಟುತ್ತೆ. ಅದನ್ನು ಬೇರೆ ಇಟ್ಟು, ಕೆಲಸ ಬಲ್ಲವರಿಗೆ ತೋರಿಸಿ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರೋ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದು ಬಿಡಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೇದು ಅಳಿಯಲ್ಲ. ಓಡಿಸೋ ಮೊದಲು ಒಂದು ಸಲ ಕೊನೆತನಕ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ಡೆಕ್ಕಿನ ಹಳದಿ, ಬಿಳಿ, ಕೆಂಪು ವೈರುಗಳನ್ನು ಕಂಪ್ಯೂಟರಿಗೆ ಸೇರಿಸೋ ಕ್ಯಾಪ್ಚರ್ ಸಾಧನ ಬೇಕು, ಅಥವಾ ಡಿವಿಡಿ ರೆಕಾರ್ಡರ್ ಬೇಕು. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಹಿಡಿಯುತ್ತೆ, ಅಡ್ಡದಾರಿ ಇಲ್ಲ. 4.7 ಜಿಬಿಯ ಡಿವಿಡಿಯಲ್ಲಿ ಒಳ್ಳೇ ಗುಣಮಟ್ಟದಲ್ಲಿ ಎರಡು ಗಂಟೆ ಹಿಡಿಸುತ್ತೆ. ಅದಕ್ಕಿಂತ ಹೆಚ್ಚು ತುರುಕಬೇಡಿ, ಎರಡು ಡಿಸ್ಕ್ ಮಾಡಿ.

'ನಾವು ಆವಾಗಲೇ ವಿಸಿಡಿ ಮಾಡಿಸಿದ್ದೀವಿ' ಅಂತ ಟೇಪು ಎಸೆಯಬೇಡಿ. ವಿಸಿಡಿಯ ಚಿತ್ರ 352 ಗುಣಿಸು 288 ಚುಕ್ಕಿಯದ್ದು, ಡಿವಿಡಿಯದ್ದು 720 ಗುಣಿಸು 576. ಟೇಪಿನಲ್ಲಿ ಇನ್ನೂ ಉಳಿದಿರೋದನ್ನು ಈಗ ಚೆನ್ನಾಗಿ ತೆಗೆಯಬಹುದು. ಡಿಸ್ಕ್ ಕೂಡ ಶಾಶ್ವತ ಅಲ್ಲ. ಮನೆಯಲ್ಲಿ ಬರೆಯೋ ಡಿಸ್ಕಿನೊಳಗೆ ಇರೋದು ಒಂದು ಬಣ್ಣದ ಪದರ, ಬಿಸಿಲಿಗೆ ಅದು ಕೆಡುತ್ತೆ. ಆದ್ದರಿಂದ ಒಂದು ಪ್ರತಿ ಡಿಸ್ಕಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ನೀರು ಬಂದರೂ, ಮನೆ ಬದಲಾದರೂ ಒಂದಾದರೂ ಉಳಿಯುತ್ತೆ.

ಯಂತ್ರದ ಕೆಲಸ ಇಲ್ಲಿಗೆ ಮುಗೀತು. ಚರಿತ್ರೆಯ ಕೆಲಸ ಇಲ್ಲಿಂದ ಶುರು. ಡಿಸ್ಕ್ ಆದ ಮೇಲೆ ಮನೆಯ ಹಿರಿಯರನ್ನು ಕೂರಿಸಿ ಒಟ್ಟಿಗೆ ನೋಡಿ. ಒಂದೊಂದು ಮುಖ ಬಂದಾಗಲೂ ನಿಲ್ಲಿಸಿ ಕೇಳಿ: ಅವ್ವ, ಇವರು ಯಾರು? ಯಾರ ಮಗಳು? ಯಾವ ಮನೆಯಲ್ಲಿದ್ದರು? ಏನು ಕೆಲಸ ಮಾಡ್ತಿದ್ದರು? ಈ ಹಾಡು ಪೂರ್ತಿ ಹೇಳ್ತೀಯಾ? ಉತ್ತರವನ್ನು ಒಂದು ನೋಟು ಪುಸ್ತಕದಲ್ಲಿ ಬರೀರಿ. ಕನ್ನಡ ಅಕ್ಷರ ಬಾರದಿದ್ದರೆ ತಮಿಳು ಅಕ್ಷರದಲ್ಲೇ ಬರೀರಿ, ತಪ್ಪೇನಿಲ್ಲ. ಹೆಸರಿಲ್ಲದ ಮುಖ ಇನ್ನು ಇಪ್ಪತ್ತು ವರ್ಷಕ್ಕೆ ಯಾರದ್ದೋ ಮುಖ ಆಗಿಬಿಡುತ್ತೆ.

ಒಂದು ಮಾತು ತಮ್ಮಂದಿರಿಗೆ. ಈ ಟೇಪುಗಳಲ್ಲಿ ಹೆಣ್ಣುಮಕ್ಕಳ ಶಾಸ್ತ್ರಗಳಿವೆ, ತೀರಿಹೋದವರಿದ್ದಾರೆ, ಮುರಿದುಹೋದ ಮದುವೆಗಳಿವೆ. ಮನೆಯವರನ್ನು, ಮುಖ್ಯವಾಗಿ ಆ ಹೆಣ್ಣುಮಕ್ಕಳನ್ನು ಕೇಳದೆ ವಾಟ್ಸಾಪಿನಲ್ಲಿ ಒಂದು ತುಣುಕೂ ಹಾಕಬೇಡಿ. ನಮ್ಮ ಜನರ ಮಾನಕ್ಕೆ ಊರು ಬೆಲೆ ಕೊಡಲಿಲ್ಲ ಅಂತ ಹೇಳ್ಕೊಂಡು ಬಂದವರು ನಾವು. ನಾವಾದರೂ ಕೊಡೋಣ.

1991ರ ಅಂಬೇಡ್ಕರ್ ಶತಮಾನೋತ್ಸವದ ಕಾಲದ ಮೆರವಣಿಗೆಯೋ, ಸಂಘದ ಹಳೇ ಸಭೆಯೋ, ಹಳೇ ಕಾಲೊನಿಯ ಹಬ್ಬವೋ ಇರೋ ಟೇಪು ಯಾರ ಮನೆಯಲ್ಲಾದರೂ ಇದ್ದರೆ ಸಂಘದ ಹುಡುಗರಿಗೆ ಹೇಳಿ. ಟೇಪು ನಿಮ್ಮದೇ, ಪ್ರತಿ ಮಾಡಿ ವಾಪಸ್ ಕೊಡೋದು. ಬೀದಿಗೊಂದು ಡೆಕ್ ಇನ್ನೂ ಓಡ್ತಿರುವಾಗಲೇ, ಮುಖ ನೋಡಿ ಹೆಸರು ಹೇಳೋ ಅಜ್ಜಿಯರು ಇನ್ನೂ ನಮ್ಮ ಜೊತೆ ಇರುವಾಗಲೇ, ಮಳೆಗಾಲಕ್ಕೆ ಮುಂಚೆ ಟ್ರಂಕು ತೆಗೆಯಿರಿ.

ಜೈ ಭೀಮ್.