ಎಂಜಿನಿಯರ್ ನಿಂತಿರುವ ಮೆಟ್ಟಿಲು

1964ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಹೆರಾಲ್ಡ್ ವಿಲೆನ್ಸ್ಕಿ 18 ಕಸುಬುಗಳ ಜಾತಕ ಬರೆಯಲು ಕೂತರು. ವೈದ್ಯಕೀಯ, ವಕೀಲಿಕೆ, ಸಿವಿಲ್ ಎಂಜಿನಿಯರಿಂಗ್‌ನಂಥ ಮಾನ್ಯ ವೃತ್ತಿಗಳ ಪಕ್ಕದಲ್ಲೇ ಜಾಹೀರಾತೂ ಇತ್ತು, ಶವಸಂಸ್ಕಾರ ಮಾಡಿಸುವವರ ವ್ಯವಹಾರವೂ ಇತ್ತು. ಒಂದೊಂದಕ್ಕೂ ಅವರು ಕೇಳಿದ್ದು: ಜನ ಆ ಕಸುಬನ್ನೇ ನಂಬಿ ಬದುಕತೊಡಗಿದ್ದು ಎಂದು? ತರಬೇತಿ ಶಾಲೆ ತೆರೆದದ್ದು, ವಿಶ್ವವಿದ್ಯಾಲಯದ ಬಾಗಿಲು ದಾಟಿದ್ದು ಯಾವ ವರ್ಷ? ಸಂಘ, ಪರವಾನಗಿ ಕಾನೂನು, ನೀತಿಸಂಹಿತೆ ಬಂದದ್ದು ಯಾವಾಗ? ಹಳೆಯ ವೃತ್ತಿಗಳು ಬಹುಮಟ್ಟಿಗೆ ಇದೇ ಕ್ರಮದಲ್ಲಿ ಮೆಟ್ಟಿಲು ಹತ್ತಿದ್ದವು. ಹೊಸಬರಿಗೆ ಅವಸರ, ಬುಡ ಗಟ್ಟಿಯಾಗುವ ಮೊದಲೇ ನೀತಿಸಂಹಿತೆ ಅಚ್ಚು ಹಾಕಿಸುತ್ತಿದ್ದರು. ಎಲ್ಲ ಕಸುಬೂ ಇಂದಲ್ಲ ನಾಳೆ ಮಾನ್ಯ ವೃತ್ತಿಯಾಗುತ್ತದೆಂಬ ಆ ಕಾಲದ ಹುಮ್ಮಸ್ಸನ್ನು ವಿಲೆನ್ಸ್ಕಿ ನಂಬಲಿಲ್ಲ.

ಈ ಏಣಿಯನ್ನು ನಮ್ಮಲ್ಲಿ ತಂದು ನಿಲ್ಲಿಸಿದರೆ ಒಂದು ತಮಾಷೆ ಕಾಣುತ್ತದೆ.

ಔಷಧ ಕೊಡುವ ಫಾರ್ಮಸಿಸ್ಟ್‌ಗೆ 1948ರ ಕಾಯ್ದೆ ಇದೆ, ಚಾರ್ಟರ್ಡ್ ಅಕೌಂಟೆಂಟ್‌ಗೆ 1949ರದು, ವಕೀಲರಿಗೆ 1961ರದು. ಎಂಜಿನಿಯರ್ ಈ ಕಾಯ್ದೆಗಳಿಗಿಂತ ಮೊದಲೇ ಏಣಿಗೆ ಕಾಲಿಟ್ಟವರು. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 1920ರಲ್ಲಿ ಎಂಜಿನಿಯರುಗಳ ಅಖಿಲ ಭಾರತ ಸಂಸ್ಥೆ ಹುಟ್ಟಿತು. 1935ರಲ್ಲಿ ಅದಕ್ಕೆ ಬ್ರಿಟಿಷ್ ದೊರೆಯ ಸನ್ನದೂ ಸಿಕ್ಕಿತು. ಆದರೆ ಪರವಾನಗಿಯ ಮೆಟ್ಟಿಲಲ್ಲಿ ಕಾಲು ತಡವರಿಸಿತು. ಮನೆಯ ನಕ್ಷೆಗೆ ಸಹಿ ಹಾಕಲು ನಗರಪಾಲಿಕೆಯ ಲೈಸೆನ್ಸ್ ಬೇಕು, ನಿಜ. ವೈದ್ಯರಿಗಿರುವಂತೆ ದೇಶಕ್ಕೆಲ್ಲ ಒಂದೇ ನೋಂದಣಿ ಎಂಬುದು ದಶಕಗಳು ಉರುಳಿದರೂ ಆಗಲಿಲ್ಲ. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಊರೂರಲ್ಲಿ ಹಾರ ತುರಾಯಿ ಕಾಣುವ ವೃತ್ತಿಯ ಕಥೆ ಇದು.

ಕಾಯ್ದೆ ಇದ್ದರೂ ಬೇಲಿ ಪೂರಾ ಇರುತ್ತದೆನ್ನುವಂತಿಲ್ಲ. ವಾಸ್ತುಶಿಲ್ಪಿಗಳ 1972ರ ಕಾಯ್ದೆ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಬಿರುದನ್ನು. ಆ ಕೆಲಸ ಬೇರೆಯವರು ಮಾಡಬಾರದೆಂದು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ವಿಲೆನ್ಸ್ಕಿಯ ಪಟ್ಟಿಯಲ್ಲಿ ಮಾತ್ರ ಕಾನೂನು ಬಂದ ವರ್ಷ ಬರೆದರೆ ಆ ಸಾಲು ಭರ್ತಿ.

ಇನ್ನು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಯಾವ ಸಾಲಿಗೆ ಸೇರಿಸುವುದು? ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ವಿದ್ಯೆ ಅಜ್ಜಿಯಿಂದ ಬಂದದ್ದು. ಬಸುರಿಯ ಹೊಟ್ಟೆ ಮುಟ್ಟಿ ನೋಡಿ ಮಗುವಿನ ತಲೆ ಎತ್ತ ಇದೆಯೆಂದು ಹೇಳುತ್ತಿದ್ದರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದೂ ದುಡ್ಡು ಮುಟ್ಟದೆ. ಬಸುರಿ–ಬಾಣಂತಿಯರನ್ನು ನೋಡುತ್ತಲೇ ಹೊಟ್ಟೆಪಾಡಿಗೆ ಕೂಲಿ ಮಾಡಿದವರು, ಹಾಗಾಗಿ ಪೂರ್ಣಾವಧಿ ಜೀವನೋಪಾಯ ಎಂಬ ಮೊದಲ ಪ್ರಶ್ನೆಯಲ್ಲೇ ಫೇಲು. ವಿಶ್ವವಿದ್ಯಾಲಯ ಅವರ ಪಾಲಿಗೆ ಬಂದದ್ದು ಕಟ್ಟಕಡೆಗೆ, ಅದೂ ತಾನೇ ಕರೆದು: 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.