ಹಳದಿ ಗಂಟುಗಳು ಹೇಳಿದ ವಂಶಕಥೆ

ಮೋನಾ ಲಿಸಾಳನ್ನು ನಾವೆಲ್ಲ ನೋಡುವುದು ಅವಳ ನಗುವಿಗಾಗಿ. 2004ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಲೇಖನ ಅವಳ ಎಡಗಣ್ಣಿನ ಮೂಲೆಯ ಹಳದಿ ಕಲೆಯನ್ನೂ ಕೈ ಮೇಲಿನ ಉಬ್ಬನ್ನೂ ತೋರಿಸಿ, ಇವಳ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿತ್ತೇನೋ ಎಂದು ಕೇಳಿತು. ಊಹೆ ನನಗೆ ಹಿಡಿಸಿತು, ನಂಬಿಕೆ ಮಾತ್ರ ಬರಲಿಲ್ಲ. ರೆಪ್ಪೆಯ ಮೇಲೆ ಇಂಥ ಕಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ಕೊಲೆಸ್ಟರಾಲ್ ಸಹಜವಾಗಿಯೇ ಇರುತ್ತದೆ. ಐದು ಶತಮಾನ ಹಳೆಯ ಬಣ್ಣದ ಮೇಲೆ ರಕ್ತಪರೀಕ್ಷೆ ಮಾಡಲಾಗದು.

ಈ ಗುರುತುಗಳ ನಂಬಬಹುದಾದ ಚರಿತ್ರೆಗೆ ಆಸ್ಪತ್ರೆಗಳತ್ತ ಹೋಗಬೇಕು. 1851ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಮತ್ತು ವಿಲಿಯಂ ಗಲ್ ಚರ್ಮದ ಹಳದಿ ಚಪ್ಪಟೆ ಕಲೆಗಳನ್ನೂ ಗಂಟುಗಳನ್ನೂ ವಿವರಿಸಿದರು. ಮುಂದೆ ಅವಕ್ಕೆ 'ಕ್ಸಾಂಥೋಮಾ' ಎಂಬ ಹೆಸರು ನಿಂತಿತು. ಗ್ರೀಕ್‌ನಲ್ಲಿ 'ಕ್ಸಾಂಥೋಸ್' ಎಂದರೆ ಹಳದಿ. ಬಹುಕಾಲ ಅದು ಚರ್ಮದ ಕಾಯಿಲೆಯಾಗಿಯೇ ಉಳಿಯಿತು.

1930ರ ದಶಕದ ಕೊನೆಯಲ್ಲಿ ನಾರ್ವೆಯ ವೈದ್ಯ ಕಾರ್ಲ್ ಮುಲ್ಲರ್ 17 ಕುಟುಂಬಗಳನ್ನು ಪರಿಶೀಲಿಸಿದರು. ಗಂಟು, ಹೆಚ್ಚಿದ ಕೊಲೆಸ್ಟರಾಲ್, ಎದೆನೋವು ಮೂರೂ ಒಟ್ಟಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದ್ದವು. 1964ರಲ್ಲಿ ಲೆಬನಾನಿನ ಕುಟುಂಬಗಳನ್ನು ಅಧ್ಯಯನ ಮಾಡಿದ ಅವೆಡಿಸ್ ಖಚದೂರಿಯನ್ ಇನ್ನೊಂದು ಮಾತು ಸ್ಪಷ್ಟಪಡಿಸಿದರು: ತಂದೆ ತಾಯಿ ಇಬ್ಬರಿಂದಲೂ ದೋಷ ಬಂದ ಮಕ್ಕಳಲ್ಲಿ ಕಾಯಿಲೆ ಬಹಳ ತೀವ್ರ. ಅಂಥವರಿಗೆ ಬಾಲ್ಯದಲ್ಲೇ ಗಂಟು ಮೂಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇಪ್ಪತ್ತರೊಳಗೇ ಹೃದಯಾಘಾತವಾಗಬಹುದು.

ಕಾರಣವನ್ನು 1970ರ ದಶಕದಲ್ಲಿ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಕಂಡುಹಿಡಿದರು. ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯುವ ಗ್ರಾಹಕಗಳು ಜೀವಕೋಶಗಳ ಮೇಲಿರುತ್ತವೆ. ಅವು ಕಡಿಮೆಯಾದರೆ ಅಥವಾ ಕೆಟ್ಟರೆ ಕೊಲೆಸ್ಟರಾಲ್ ರಕ್ತದಲ್ಲೇ ಉಳಿದು ಸ್ನಾಯುರಜ್ಜುಗಳಲ್ಲೂ ಹೃದಯದ ರಕ್ತನಾಳಗಳಲ್ಲೂ ಸೇರಿಕೊಳ್ಳುತ್ತದೆ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಪಾನಿನ ಅಕಿರಾ ಎಂಡೋ ಶಿಲೀಂಧ್ರದಲ್ಲಿ ಕಂಡ ವಸ್ತುವಿನಿಂದ ಆರಂಭವಾದ ಸ್ಟ್ಯಾಟಿನ್ ಮಾತ್ರೆಗಳ ದಾರಿ 1987ರಲ್ಲಿ ರೋಗಿಗಳನ್ನು ತಲುಪಿತು.

ನನ್ನನ್ನು ಕಾಡುವುದು ಈ ಗಂಟುಗಳ ಮೌನ. ಅವು ಹೆಚ್ಚಾಗಿ ನೋಯುವುದಿಲ್ಲ. ಹಿಮ್ಮಡಿಯ ಹಿಂದೆ ದಪ್ಪಗಾದ ಸ್ನಾಯುರಜ್ಜನ್ನು ಚಪ್ಪಲಿ ಉಜ್ಜಿದ್ದು ಎಂದುಕೊಂಡು ಬಿಡುತ್ತೇವೆ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಈ ಆನುವಂಶಿಕ ದೋಷವಿದೆ. ಅವರಲ್ಲಿ ಅನೇಕರ ಚರ್ಮದಲ್ಲಿ ಗುರುತೇ ಇರುವುದಿಲ್ಲ. ಆದ್ದರಿಂದ ಗಂಟಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಇದ್ದರಂತೂ ಅದು ಒಬ್ಬರಿಗೆ ಮಾತ್ರ ಸೇರಿದ ಸುದ್ದಿಯಲ್ಲ. ಅಣ್ಣ, ತಂಗಿ, ಮಕ್ಕಳ ರಕ್ತವನ್ನೂ ಪರೀಕ್ಷಿಸಬೇಕು. ಮುಲ್ಲರ್ ಒಬ್ಬೊಬ್ಬ ರೋಗಿಯ ಜೊತೆ ಅವರ ಮನೆಯವರನ್ನೂ ನೋಡಿದ್ದರಿಂದಲೇ ಈ ಕಥೆ ತಿಳಿಯಿತು.